ಬಾಗಿಲಲ್ಲಿ ಪ್ರಶ್ನೆ ಕೇಳದ ಬೇಕರಿ





ಇಂದಿನ ಚಿಂತನೆ ಸಮ್ಮಾ ಆಜೀವದ ಬಗ್ಗೆ. ಅಷ್ಟಾಂಗ ಮಾರ್ಗದ ಈ ಅಂಗಕ್ಕೆ ಬಂದಾಗಲೆಲ್ಲ ನಾವು ಐದು ನಿಷಿದ್ಧ ವ್ಯಾಪಾರಗಳನ್ನು ಒಪ್ಪಿಸಿ ಮುಂದೆ ಹೋಗುತ್ತೇವೆ: ಆಯುಧ, ಜೀವಿಗಳು, ಮಾಂಸ, ಮಾದಕ ವಸ್ತು, ವಿಷ. ಕಳೆದ ವಾರ ಬಳಗದ ಒಬ್ಬ ಹುಡುಗ ಕೇಳಿದ, "ಮಾಡಬಾರದ್ದು ಗೊತ್ತಾಯಿತು ಟೀಚರ್. ಸ್ವಂತ ಅಂಗಡಿ ಹಾಕಬೇಕು ಅಂತಿರೋ ನನ್ನಂಥವನು ಮಾಡಬೇಕಾದ್ದು ಏನು? ಒಳ್ಳೆಯವನಾಗಿದ್ದುಕೊಂಡು ವ್ಯಾಪಾರ ನಡೆಯುತ್ತಾ?" ಪ್ರಶ್ನೆ ಚೆನ್ನಾಗಿದೆ. ಇವತ್ತಿನ ಸಂದೇಶ ಸ್ವಲ್ಪ ಉದ್ದವಾಗುತ್ತದೆ. ಬೆಳಿಗ್ಗೆ ಅವಸರವಿದ್ದವರು ರಾತ್ರಿ ಓದಿ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಸಮ್ಮಾ ಆಜೀವಕ್ಕೆ ಕೊಟ್ಟ ವಿವರಣೆ ಎರಡೇ ಸಾಲಿನದು. ಪ್ರತಿಯೊಬ್ಬರೂ ಹೊಟ್ಟೆಪಾಡಿಗೆ ದುಡಿಯಲೇಬೇಕು. ಬೇರೆಯವರಿಗೆ ಹಾನಿಯನ್ನೂ ಅನ್ಯಾಯವನ್ನೂ ಮಾಡದೆ ದುಡಿಯುವುದೇ ಒಳ್ಳೆಯ ದಾರಿ ಎಂಬ ಅರ್ಥ ಬರುತ್ತದೆ. ಹಾನಿ ಎಂಬ ಮಾತಿನ ಪಕ್ಕ ಅವರು ಅನ್ಯಾಯ ಎಂಬ ಮಾತನ್ನು ಇಟ್ಟದ್ದನ್ನು ಗಮನಿಸಿ. ಸಾರಾಯಿ ಮಾರದವನೂ ವಿಷ ಮಾರದವನೂ ಅನ್ಯಾಯ ಮಾಡಬಹುದು. ಕೆಲಸ ಕೇಳಿಕೊಂಡು ಬಂದವನ ಹೆಸರು ನೋಡಿ ಅರ್ಜಿಯನ್ನು ಪಕ್ಕಕ್ಕೆ ಇಟ್ಟರೆ ಸಾಕು.

ಇದಕ್ಕೆ ನಾನು ಆರಿಸಿಕೊಂಡ ಉದಾಹರಣೆ ಅಮೆರಿಕದ್ದು. "ಅಲ್ಲಿಯದು ನಮಗೇಕೆ" ಅನ್ನಬೇಡಿ. ಅದನ್ನು ಕಟ್ಟಿದವನು ಬೌದ್ಧ.

ಬರ್ನಿ ಗ್ಲಾಸ್‌ಮನ್ ಹುಟ್ಟಿದ್ದು 1939ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ಗಣಿತದಲ್ಲಿ ಡಾಕ್ಟರೇಟ್ ಪಡೆದ ಈತ ವಿಮಾನ ಮತ್ತು ಬಾಹ್ಯಾಕಾಶ ಉದ್ಯಮದಲ್ಲಿ ಎಂಜಿನಿಯರ್ ಆಗಿದ್ದ. ಜಪಾನಿನಿಂದ ಬಂದ ಮಯೆಜುಮಿ ಎಂಬ ಗುರುವಿನ ಬಳಿ ಝೆನ್ ಕಲಿತು, ತಾನೂ ಗುರುವಾಗಿ ನ್ಯೂಯಾರ್ಕಿನಲ್ಲಿ ಒಂದು ಸಂಘ ಕಟ್ಟಿದ. ಸಂಘ ನಡೆಯಬೇಕಲ್ಲ? ದಾನ ಎತ್ತುವ ಬದಲು 1982ರಲ್ಲಿ ಬೇಕರಿ ತೆಗೆದ. ಸಂಘದವರು ಆಗ ವಾಸವಿದ್ದ ಬಂಗಲೆಯ ಹೆಸರನ್ನೇ ಅದಕ್ಕೂ ಇಟ್ಟರು: ಗ್ರೇಸ್ಟನ್. ಮುಂದೆ ಆ ಬಂಗಲೆಯನ್ನು ಮಾರಿ, ನ್ಯೂಯಾರ್ಕ್ ನಗರದ ಅಂಚಿನಲ್ಲಿರುವ ಯಾಂಕರ್ಸ್ ಎಂಬ ಊರಿನ ಬಡ ಬೀದಿಗಳ ನಡುವೆ ಹೋಗಿ ನಿಂತರು. ಧ್ಯಾನ ಮಾಡುವವರು ಸಾಮಾನ್ಯವಾಗಿ ಬೆಟ್ಟ ಹುಡುಕುತ್ತಾರೆ. ಇವರು ಮನೆಯಿಲ್ಲದವರು ಹೆಚ್ಚಿದ್ದ ಊರನ್ನು ಹುಡುಕಿದರು. ಗ್ಲಾಸ್‌ಮನ್ ಶಿಷ್ಯರನ್ನು ಕರೆದುಕೊಂಡು, ಕೈಯಲ್ಲಿ ಕಾಸಿಲ್ಲದೆ, ದಿನಗಟ್ಟಲೆ ನ್ಯೂಯಾರ್ಕಿನ ಬೀದಿಯಲ್ಲೇ ಮಲಗಿ ಎದ್ದದ್ದೂ ಉಂಟು. ನಮ್ಮಲ್ಲಿ ಅನೇಕರಿಗೆ ಅದು ಸಾಧನೆ ಅನ್ನಿಸಲಿಕ್ಕಿಲ್ಲ. ನಮ್ಮ ಅಜ್ಜ ಅಜ್ಜಿಯರು ಊರಾಚೆ ಇದ್ದದ್ದು ಶಿಬಿರಕ್ಕಾಗಿ ಅಲ್ಲ.

ಆದರೆ ಬೇಕರಿಯ ಬಾಗಿಲಲ್ಲಿ ಅವನು ಮಾಡಿದ ಕೆಲಸ ನಮಗೆ ಬೇಕಾದದ್ದು. ಅದಕ್ಕೆ ಅಲ್ಲಿ 'ಓಪನ್ ಹೈರಿಂಗ್' ಅನ್ನುತ್ತಾರೆ. ಕೆಲಸ ಬೇಕೆನ್ನುವವರು ಬಂದು ಒಂದು ಪಟ್ಟಿಯಲ್ಲಿ ಹೆಸರು ಬರೆಸಬೇಕು. ಜಾಗ ಖಾಲಿಯಾದಾಗ ಪಟ್ಟಿಯಲ್ಲಿ ಮುಂದಿರುವವರಿಗೆ ಕರೆ ಹೋಗುತ್ತದೆ. ಸಂದರ್ಶನವಿಲ್ಲ, ಅಂಕಪಟ್ಟಿ ಕೇಳುವುದಿಲ್ಲ, ಶಿಫಾರಸು ಪತ್ರ ಬೇಕಿಲ್ಲ, ಜೈಲಿಗೆ ಹೋಗಿದ್ದೀಯಾ ಎಂಬ ಪ್ರಶ್ನೆಯೂ ಇಲ್ಲ. ಅಮೆರಿಕದಲ್ಲಿ ಒಮ್ಮೆ ಜೈಲು ಕಂಡು ಬಂದವನಿಗೆ ಕೆಲಸ ಸಿಗುವುದು ಎಷ್ಟು ಕಷ್ಟ, ಅದರಲ್ಲೂ ಅವನು ಕರಿಯನಾಗಿದ್ದರೆ ಇನ್ನೆಷ್ಟು ಕಷ್ಟ ಎಂಬುದನ್ನು ಸೇರಿಸಿಕೊಂಡು ಓದಿ.

ಒಳಗೆ ಹೋದ ಮೇಲೆ ಮಾತ್ರ ರಿಯಾಯಿತಿ ಇಲ್ಲ. ಕೆಲವು ತಿಂಗಳು ಸಂಬಳದ ತರಬೇತಿ. ಹೊತ್ತಿಗೆ ಸರಿಯಾಗಿ ಬರಬೇಕು, ಕೆಲಸ ಕಲಿಯಬೇಕು, ಜೊತೆಯವರೊಡನೆ ಹೊಂದಿಕೊಳ್ಳಬೇಕು. ಆಗದವರು ಬಿಟ್ಟು ಹೋಗುತ್ತಾರೆ, ಅಂಥವರೂ ಬೇಕಾದಷ್ಟು ಜನ. ನಿಂತವರಿಗೆ ಕಾಯಂ ಕೆಲಸ. ಮನೆ ಬಾಡಿಗೆಯ ತೊಂದರೆಯೋ, ಮಗುವನ್ನು ನೋಡಿಕೊಳ್ಳುವವರಿಲ್ಲದ ತೊಂದರೆಯೋ ಇದ್ದರೆ ಕೇಳಿ ದಾರಿ ತೋರಿಸುವ ವ್ಯವಸ್ಥೆಯನ್ನೂ ಇಟ್ಟರು. ಬೇಕರಿಯ ಜೊತೆಜೊತೆಗೆ ಮನೆಯಿಲ್ಲದವರಿಗೆ ವಸತಿ, ಮಕ್ಕಳಿಗೆ ಶಿಶುವಿಹಾರ, ಏಡ್ಸ್ ರೋಗಿಗಳಿಗೆ ಒಂದು ಆರೈಕೆ ಕೇಂದ್ರ ಬೆಳೆದವು. ಆ ಕೇಂದ್ರದ ಹೆಸರು ನಮಗೆ ಪರಿಚಿತ: ಮೈತ್ರಿ.

ಹಾಗಾದರೆ ಇದು ಧರ್ಮಛತ್ರವೇ? ಅಲ್ಲ. ಲಾಭ ನೋಡುವ ಕಾರ್ಖಾನೆ. ದಿನಕ್ಕೆ ಸಾವಿರಾರು ಕಿಲೋ ಬ್ರೌನಿ ತಯಾರಿಸುತ್ತದೆ. ಬ್ರೌನಿ ಅಂದರೆ ಕೇಕಿಗಿಂತ ಗಟ್ಟಿ, ಮೈಸೂರುಪಾಕಿಗಿಂತ ಮೆತ್ತಗಿನ ಚಾಕೊಲೇಟ್ ತಿನಿಸು, ತಿನ್ನದವರಿಗಾಗಿ ಹೇಳಿದೆ. 2012ರಲ್ಲಿ ನ್ಯೂಯಾರ್ಕ್ ರಾಜ್ಯ ಸಮಾಜಹಿತದ ಗುರಿಯನ್ನು ತನ್ನ ಕಾನೂನುಪತ್ರದಲ್ಲೇ ಬರೆದುಕೊಳ್ಳುವ ಹೊಸ ಬಗೆಯ ಕಂಪನಿಗಳಿಗೆ ಅವಕಾಶ ಕೊಟ್ಟಾಗ, ಮೊದಲು ನೋಂದಾಯಿಸಿಕೊಂಡದ್ದು ಗ್ರೇಸ್ಟನ್. ಗ್ಲಾಸ್‌ಮನ್ 2018ರಲ್ಲಿ ತೀರಿಕೊಂಡ. ಬೇಕರಿ ಅವನಿಲ್ಲದೆಯೂ ನಡೆಯಿತು. ನಮ್ಮ ಸಂಘಟನೆಗಳ ಬಗ್ಗೆ ಎಷ್ಟು ಸಲ ಈ ಮಾತು ಹೇಳಲು ಸಾಧ್ಯ ಎಂದು ಯೋಚಿಸಿ.

ಅಷ್ಟೊಂದು ಬ್ರೌನಿ ಕೊಳ್ಳುವವರು ಯಾರು? ಇಲ್ಲಿಂದ ಕಥೆಯ ತಮಾಷೆಯ ಭಾಗ. ಬೆನ್ ಕೋಹೆನ್ ಮತ್ತು ಜೆರ್ರಿ ಗ್ರೀನ್‌ಫೀಲ್ಡ್ ಶಾಲೆಯ ಆಟದ ಪೀರಿಯಡ್‌ನಲ್ಲಿ ಗೆಳೆಯರಾದವರು. ಒಬ್ಬ ಕಾಲೇಜು ಅರ್ಧಕ್ಕೇ ಬಿಟ್ಟ, ಇನ್ನೊಬ್ಬನಿಗೆ ವೈದ್ಯಕೀಯ ಸೀಟು ಸಿಗಲೇ ಇಲ್ಲ. ಅಂಚೆ ಮೂಲಕ ಐಸ್‌ಕ್ರೀಂ ಮಾಡುವ ಕೋರ್ಸ್ ಕಲಿತರು, ಶುಲ್ಕ 5 ಡಾಲರ್. 1978ರಲ್ಲಿ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ನಲ್ಲಿ, ಹಳೆಯ ಪೆಟ್ರೋಲ್ ಬಂಕೊಂದರಲ್ಲಿ, 12 ಸಾವಿರ ಡಾಲರ್ ಬಂಡವಾಳದಲ್ಲಿ ಅಂಗಡಿ ತೆರೆದರು. ಅದರಲ್ಲಿ 4 ಸಾವಿರ ಸಾಲ. ಬೆನ್‌ಗೆ ವಾಸನೆ, ರುಚಿ ಸರಿಯಾಗಿ ತಿಳಿಯುತ್ತಿರಲಿಲ್ಲ. ಆದ್ದರಿಂದ ಬಾಯಿಗೆ ಏನಾದರೂ ಸಿಗಲಿ ಎಂದು ದೊಡ್ಡ ದೊಡ್ಡ ತುಂಡುಗಳನ್ನು ಹಾಕಿಸುತ್ತಿದ್ದ. ಜನ ಅದಕ್ಕೇ ಮುಗಿಬಿದ್ದರು!

ಮರುವರ್ಷ ಅಂಗಡಿಗೆ ಒಂದು ವರ್ಷ ತುಂಬಿದಾಗ ಬಂದವರಿಗೆಲ್ಲ ಉಚಿತವಾಗಿ ಐಸ್‌ಕ್ರೀಂ ಹಂಚಿದರು. ಆ ಪದ್ಧತಿ ಮುಂದುವರಿಯಿತು. 1984ರಲ್ಲಿ ಕಾರ್ಖಾನೆ ಕಟ್ಟಲು ಹಣ ಬೇಕಾದಾಗ ದೊಡ್ಡ ಹೂಡಿಕೆದಾರರ ಬಳಿ ಹೋಗದೆ, ವರ್ಮಾಂಟ್ ನಿವಾಸಿಗಳಿಗೆ ಮಾತ್ರ ಷೇರು ಮಾರಿದರು. ಕನಿಷ್ಠ 126 ಡಾಲರ್ ಇದ್ದರೆ ಸಾಕು, ಹಾಲು ಕರೆಯುವವನೂ ಪಾಲುದಾರ. 1985ರಿಂದ ತೆರಿಗೆಗೆ ಮುಂಚಿನ ಲಾಭದ ಶೇ. 7.5 ಭಾಗ ಸಮಾಜದ ಕೆಲಸಕ್ಕೆ. ಅತಿ ಹೆಚ್ಚು ಸಂಬಳದವನಿಗೆ ಅತಿ ಕಡಿಮೆ ಸಂಬಳದವನ ಐದು ಪಟ್ಟಿಗಿಂತ ಹೆಚ್ಚಿಲ್ಲ ಎಂಬ ನಿಯಮವಿತ್ತು, ಆಮೇಲೆ ಅದು ಏಳು ಪಟ್ಟಾಯಿತು. ಕಾರ್ಖಾನೆಯಲ್ಲಿ ಕೆಲಸಗಾರರನ್ನು ನಗಿಸಲೆಂದೇ ಜೆರ್ರಿ 'ಜಾಯ್ ಗ್ಯಾಂಗ್' ಎಂಬ ತಂಡ ಮಾಡಿದ. ನೌಕರರಿಗೆ ದಿನಕ್ಕೆ ಮೂರು ಡಬ್ಬಿ ಐಸ್‌ಕ್ರೀಂ ಪುಕ್ಕಟೆ.

ಈ ಕೊನೆಯದನ್ನು ಓದಿದಾಗ ನನಗೆ ಸಿಗಾಲೋವಾದ ಸುತ್ತ ನೆನಪಾಯಿತು. ಯಜಮಾನ ಕೆಲಸಗಾರರನ್ನು ಹೇಗೆ ನೋಡಿಕೊಳ್ಳಬೇಕೆಂದು ಬುದ್ಧರು ಸಿಗಾಲನಿಗೆ ಹೇಳುವ ಐದು ಮಾತುಗಳಲ್ಲಿ ಶಕ್ತಿಗೆ ತಕ್ಕ ಕೆಲಸ, ಅನ್ನ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ಕಾಲಕಾಲಕ್ಕೆ ರಜೆ ಇವೆ. ಇವುಗಳ ನಡುವೆ ಇನ್ನೊಂದಿದೆ: ಅಪರೂಪದ ರುಚಿಯ ತಿನಿಸು ಬಂದಾಗ ಅವರೊಂದಿಗೆ ಹಂಚಿಕೊಳ್ಳುವುದು. ಕೂಲಿ ಕೊಟ್ಟ ಮೇಲೂ ಇದು ಯಾಕೆ ಬೇಕಿತ್ತು? ಕೂಲಿ ಹೊಟ್ಟೆಗೆ. ಹಂಚಿ ತಿನ್ನುವುದು ಸಮಾನತೆಗೆ. ಪ್ರತ್ಯೇಕ ಲೋಟದ ಹೋಟೆಲುಗಳನ್ನು ಕಂಡ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾಲ್ಕು ಬ್ರಹ್ಮವಿಹಾರಗಳಲ್ಲಿ ನಾವು ಮೈತ್ರಿ, ಕರುಣೆಗಳ ಬಗ್ಗೆ ಎಷ್ಟು ಮಾತಾಡುತ್ತೇವೆಯೋ ಅಷ್ಟು ಮುದಿತೆಯ ಬಗ್ಗೆ ಆಡುವುದಿಲ್ಲ. ಇನ್ನೊಬ್ಬರ ಸಂತೋಷದಲ್ಲಿ ಸಂತೋಷಪಡುವುದು ಕೂಡ ಸಾಧನೆಯೇ.

ಬೆನ್ ಮತ್ತು ಗ್ಲಾಸ್‌ಮನ್ ಪರಿಚಯವಾದದ್ದು 1987ರ ಸುಮಾರಿಗೆ, ಸಮಾಜಮುಖಿ ಉದ್ಯಮಿಗಳ ಒಂದು ಕೂಟದಲ್ಲಿ. ಐಸ್‌ಕ್ರೀಂ ನಡುವೆ ಇಡಲು ತೆಳ್ಳಗಿನ ಬ್ರೌನಿ ಹಾಳೆಗಳನ್ನು ಮಾಡಿಕೊಡಲು ಗ್ರೇಸ್ಟನ್ ಒಪ್ಪಿಕೊಂಡಿತು. ಕಳಿಸಿದ ಸರಕು ದಾರಿಯಲ್ಲಿ ಒಂದಕ್ಕೊಂದು ಅಂಟಿ ದೊಡ್ಡ ಗಟ್ಟಿಯಾಯಿತು. ಬೇರೆ ಯಾರೇ ಆಗಿದ್ದರೂ ಲಾರಿಯನ್ನು ವಾಪಸ್ ಕಳಿಸುತ್ತಿದ್ದರು. ಇವರು ಅದನ್ನು ಒಡೆದು ಚೂರು ಮಾಡಿ ಐಸ್‌ಕ್ರೀಮಿಗೇ ಬೆರೆಸಿದರು. ಅದೇ 'ಚಾಕೊಲೇಟ್ ಫಡ್ಜ್ ಬ್ರೌನಿ' ಎಂಬ ಹೆಸರಿನಲ್ಲಿ ಅವರ ಬಹುಬೇಡಿಕೆಯ ರುಚಿಗಳಲ್ಲಿ ಒಂದಾಯಿತು. ಸುತ್ತಗಳಲ್ಲಿ ದೀಘಜಾಣು ಎಂಬ ಕೋಲಿಯ ಗೃಹಸ್ಥನಿಗೆ ಬುದ್ಧರು ಐಹಿಕ ಬದುಕಿನ ಏಳಿಗೆಗೆ ನಾಲ್ಕು ಸಂಗತಿ ಹೇಳುತ್ತಾರೆ: ಶ್ರದ್ಧೆಯ ದುಡಿಮೆ, ದುಡಿದದ್ದರ ರಕ್ಷಣೆ, ಕಲ್ಯಾಣಮಿತ್ರರು, ಆದಾಯಕ್ಕೆ ತಕ್ಕ ಹದವಾದ ಬದುಕು. ಬಡ್ಡಿ, ಬಂಡವಾಳ, ಮಾರುಕಟ್ಟೆ ಎಲ್ಲ ಲೆಕ್ಕ ಹಾಕುವವರು ಮೂರನೆಯದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಟಿಕೊಂಡ ಆ ಬ್ರೌನಿಯನ್ನು ಉಳಿಸಿದ್ದು ಅದೇ.

ಇನ್ನು ಕಹಿ ಭಾಗ. ಸಂಬಳದ ಆ ಮಿತಿ 1990ರ ದಶಕದ ಮಧ್ಯದಲ್ಲಿ ಬಿದ್ದುಹೋಯಿತು, ಹೊರಗಿನಿಂದ ದೊಡ್ಡ ಅಧಿಕಾರಿಯನ್ನು ತರಬೇಕಾಗಿತ್ತು. 2000ದಲ್ಲಿ ಯೂನಿಲಿವರ್ ಕಂಪನಿಯನ್ನು 32.6 ಕೋಟಿ ಡಾಲರಿಗೆ ಕೊಂಡಿತು. ಸಾಮಾಜಿಕ ಧ್ಯೇಯವನ್ನು ಕಾಯಲು ಸ್ವತಂತ್ರ ಮಂಡಳಿಯೊಂದು ಇರಬೇಕೆಂದು ಒಪ್ಪಂದವಾಗಿತ್ತು. 2025ರ ಸೆಪ್ಟೆಂಬರಿನಲ್ಲಿ ಜೆರ್ರಿ, ಆ ಸ್ವಾತಂತ್ರ್ಯ ಉಳಿದಿಲ್ಲವೆಂದು ಹೇಳಿ, 47 ವರ್ಷಗಳ ನಂತರ ಹೊರನಡೆದ. ಮಾಲೀಕರ ಒಳ್ಳೆಯತನದ ಮೇಲೆ ನಿಂತದ್ದು ಮಾಲೀಕರು ಬದಲಾದಾಗ ಅಲುಗಾಡುತ್ತದೆ. ಬಾಬಾಸಾಹೇಬರು ದಯೆಯನ್ನು ನಂಬಿ ಕೂರದೆ ಹಕ್ಕನ್ನು ಕಾನೂನಿನಲ್ಲಿ ಬರೆಸಿದ್ದು ಯಾಕೆಂದು ಇಲ್ಲಿ ಅರ್ಥವಾಗುತ್ತದೆ. ಓಪನ್ ಹೈರಿಂಗ್ ನೋಡಿ "ಮೀಸಲಾತಿ ಯಾಕೆ, ಎಲ್ಲರಿಗೂ ಬಾಗಿಲು ತೆರೆದರಾಯಿತಲ್ಲ" ಎನ್ನುವವರು ಸಿಕ್ಕರೆ, ಮೊದಲು ತೆರೆದು ತೋರಿಸಿ ಎನ್ನಿ.

ಯಾಕೆಂದರೆ ಬಾಗಿಲ ಅನುಭವ ನಮ್ಮದು. ಮುಂಬೈ ಬಟ್ಟೆ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುವ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಬಿಡುತ್ತಿರಲಿಲ್ಲ. ನೂಲು ತುಂಡಾದಾಗ ಬಾಯಿಯ ಎಂಜಲು ತಾಗಿಸಿ ಸರಿಮಾಡಬೇಕಿತ್ತು ಎಂಬುದೇ ನೆಪ. 1928ರ ಮುಷ್ಕರದ ಕಾಲದಲ್ಲಿ ಬಾಬಾಸಾಹೇಬರು ಈ ಬೇಡಿಕೆಯನ್ನು ಕಾರ್ಮಿಕ ನಾಯಕರ ಮುಂದಿಟ್ಟು ಪಟ್ಟು ಹಿಡಿದರು. ಅವರು ಸ್ವತಃ ವ್ಯಾಪಾರಿಗಳಿಗೆ ಷೇರುಗಳ ಬಗ್ಗೆ ಸಲಹೆ ನೀಡುವ ಸಂಸ್ಥೆಯೊಂದನ್ನು ತೆರೆದಿದ್ದರು; ಸಲಹೆಗಾರನ ಜಾತಿ ತಿಳಿಯುತ್ತಲೇ ಗಿರಾಕಿಗಳು ನಿಂತರೆಂದು ಜೀವನಚರಿತ್ರೆಗಳು ಹೇಳುತ್ತವೆ. ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ ಬಂದವರ ಸ್ಥಿತಿ ಇದು. ಹಳೆಯ ಕಾಲ ಅನ್ನುವಿರಾ? 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಪ್ರಕಟಿಸಿದ ಅಧ್ಯಯನದಲ್ಲಿ ಖಾಸಗಿ ಕಂಪನಿಗಳಿಗೆ ಒಂದೇ ಬಗೆಯ ವಿದ್ಯಾರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಕಳಿಸಲಾಗಿತ್ತು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಮರುಕರೆ ಬರುವ ಸಂಭವ ಮೂರರಲ್ಲಿ ಎರಡು ಪಾಲು ಮಾತ್ರ. ಅರ್ಹತೆ ಅದೇ, ಕಾಗದ ಅದೇ. ನಾನು ಹತ್ತನೆಯ ತರಗತಿ ಮಕ್ಕಳಿಗೆ ಅರ್ಜಿ ಬರೆಯುವುದನ್ನು ಕಲಿಸುವಾಗ ಮೊದಲ ಸಾಲಿನಲ್ಲೇ 'ಹೆಸರು' ಬರುತ್ತದೆ.

ಆ ಹುಡುಗನ ಪ್ರಶ್ನೆಗೆ ಬರೋಣ. ಅಂಗಡಿ ಸಣ್ಣದಿರಲಿ, ಮೂರು ಜನ ಕೆಲಸಕ್ಕಿರಲಿ. ನಮ್ಮವರ ಒಂದು ಝೆರಾಕ್ಸ್ ಅಂಗಡಿ, ಗ್ಯಾರೇಜು, ಕ್ಯಾಟರಿಂಗ್, ಟೈಲರಿಂಗ್ ಘಟಕ ಏನೇ ಇರಲಿ. ಒಬ್ಬರನ್ನು ಸೇರಿಸಿಕೊಳ್ಳುವಾಗ ನಾವು ಕೇಳುವ ಪ್ರಶ್ನೆಗಳಲ್ಲಿ ಕೆಲಸಕ್ಕೆ ನಿಜವಾಗಿ ಬೇಕಾದವು ಎಷ್ಟು? "ಯಾವ ಊರು, ಯಾರ ಕಡೆಯವರು" ಎಂಬ ಪ್ರಶ್ನೆ ನಮ್ಮ ಬಾಯಿಂದಲೂ ಬರುತ್ತದೆ. ನಮ್ಮೊಳಗೇ ಬಲ, ಎಡ ಎಂದು ಎಣಿಸುವವರು ಇದ್ದಾರೆ. ಪೌರಕಾರ್ಮಿಕರ ಮಗ ಕ್ಯಾಟರಿಂಗ್‌ನಲ್ಲಿ ಬಡಿಸಲು ನಿಂತರೆ ಮುಖ ಸಿಂಡರಿಸುವ ಬೌದ್ಧರನ್ನು ನಾನು ಕಂಡಿದ್ದೇನೆ. ದೀಕ್ಷೆ ತೆಗೆದುಕೊಂಡದ್ದಕ್ಕೂ ಗಲ್ಲಾಪೆಟ್ಟಿಗೆಗೂ ಸಂಬಂಧವಿಲ್ಲ ಎಂದುಕೊಂಡಿದ್ದರೆ ಸಮ್ಮಾ ಆಜೀವವನ್ನು ಇನ್ನೊಮ್ಮೆ ಓದಬೇಕಾಗುತ್ತದೆ.

ಭಾನುವಾರ ಸಂಜೆ 5 ಗಂಟೆಗೆ ಎಂದಿನಂತೆ ವಿಹಾರದಲ್ಲಿ ಸೇರೋಣ. ಸಿಗಾಲೋವಾದ ಸುತ್ತದ ಯಜಮಾನ ಮತ್ತು ಕೆಲಸಗಾರರ ಭಾಗವನ್ನು ಓದಿಕೊಂಡು ಬನ್ನಿ. ಅದರಲ್ಲಿ ಕೆಲಸಗಾರರು ಯಜಮಾನನಿಗೆ ಮಾಡಬೇಕಾದ ಐದು ಸಂಗತಿಗಳೂ ಇವೆ, ಅವುಗಳಲ್ಲಿ ಒಂದೆರಡರ ಬಗ್ಗೆ ನನಗೆ ತಕರಾರಿದೆ. ಅಲ್ಲಿ ಮಾತಾಡೋಣ. ಬಳಗದಲ್ಲಿ ಸ್ವಂತ ಉದ್ಯೋಗ ಮಾಡುತ್ತಿರುವವರು ದಯವಿಟ್ಟು ತಪ್ಪಿಸಬೇಡಿ. ಈ ಸಲ ತಿನಿಸಿನ ಜವಾಬ್ದಾರಿ ನನ್ನದು. ಬ್ರೌನಿ ಸಿಗದಿದ್ದರೆ ಮೈಸೂರುಪಾಕು.

ಜೈಭೀಮ್.