ಗುರಿ ಅವರದೇ ಆಗಿರಲಿ

ಪ್ರಶ್ನೆ: ನಾನು ಪ್ರೌಢಶಾಲೆಯ ಗಣಿತ ಶಿಕ್ಷಕಿ. ಹತ್ತನೇ ತರಗತಿಯ ಹುಡುಗನೊಬ್ಬ ಚುರುಕಾಗಿದ್ದಾನೆ, ಆದರೆ ಮನೆಯಲ್ಲಿ ಪುಸ್ತಕ ಮುಟ್ಟುವುದಿಲ್ಲ. ಎಷ್ಟು ಬುದ್ಧಿ ಹೇಳಿದರೂ ‘ಆಯ್ತು ಮಿಸ್’ ಅಂದು ಸುಮ್ಮನಾಗುತ್ತಾನೆ. ‘ಗ್ರೋ’ ಮಾದರಿಯ ಬಗ್ಗೆ ಕೇಳಿದ್ದೇನೆ. ಇಂಥ ಮಕ್ಕಳಿಗೆ ಅದು ಆಗಿಬರುತ್ತದೆಯೇ?
– ಓದುಗರು, ಅರಸೀಕೆರೆ

ಉತ್ತರ: ಖಂಡಿತ ಆಗಿಬರುತ್ತದೆ, ಬುದ್ಧಿ ಹೇಳುವುದನ್ನು ಸ್ವಲ್ಪ ದಿನ ಬದಿಗಿಟ್ಟರೆ. ‘ಗ್ರೋ’ 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಮಾತುಕತೆಯ ಕ್ರಮ. ಹಿಂದೆ ಕಾರ್ ರೇಸ್ ಚಾಲಕರಾಗಿದ್ದ ಜಾನ್ ವಿಟ್ಮೋರ್ 1992ರಲ್ಲಿ ಬರೆದ ಪುಸ್ತಕದಿಂದ ಅದು ಹೆಸರಾಯಿತು. ಇದರ ಬೇರು ಟೆನಿಸ್ ಅಂಗಳದಲ್ಲಿದೆ. ‘ಹೀಗೆ ಹೊಡೆ’ ಎನ್ನುವ ಬದಲು ಚೆಂಡನ್ನು ಆಟಗಾರನೇ ಗಮನಿಸುವಂತೆ ಮಾಡಿದರೆ ಕಲಿಕೆ ಸಲೀಸು ಎಂದು ತರಬೇತುದಾರ ಟಿಮೊಥಿ ಗಾಲ್ವೇ 1974ರಲ್ಲೇ ಬರೆದಿದ್ದರು.

ಇದರಲ್ಲಿ ನಾಲ್ಕು ಹೆಜ್ಜೆ: ಗುರಿ, ಈಗಿನ ಸ್ಥಿತಿ, ದಾರಿಗಳು, ಸಂಕಲ್ಪ. ಮೊದಲು ಕೇಳಿ: ‘ಪೂರ್ವಸಿದ್ಧತಾ ಪರೀಕ್ಷೆ ಹೊತ್ತಿಗೆ ಗಣಿತದಲ್ಲಿ ನಿನಗೆ ಏನು ಬರಬೇಕು?’ ಅವನು ಒಂದೇ ಅಧ್ಯಾಯ ಹೇಳಿದರೂ ಅದನ್ನೇ ಹಿಡಿಯಿರಿ. ಆಮೇಲೆ: ‘ನಿನ್ನೆ ಶಾಲೆ ಬಿಟ್ಟಮೇಲೆ ಮಲಗೋವರೆಗೆ ಏನೇನು ಮಾಡಿದೆ?’ ‘ಯಾಕೆ ಓದಲಿಲ್ಲ?’ ಎಂದರೆ ನೆಪ ಬರುತ್ತದೆ. ಹೀಗೆ ಕೇಳಿದರೆ ಹಸು ಕಟ್ಟುವುದು, ಡೇರಿಗೆ ಹಾಲು ಹಾಕುವುದು, ತಂಗಿಯನ್ನು ನೋಡಿಕೊಳ್ಳುವುದು ಎಲ್ಲವೂ ಹೊರಬರಬಹುದು. ಮೂರನೆಯದಾಗಿ, ‘ಇನ್ನೇನು ಮಾಡಬಹುದು?’ ಎಂದು ಮೂರ್ನಾಲ್ಕು ದಾರಿ ಅವನ ಬಾಯಿಂದಲೇ ಬರುವವರೆಗೆ ಕೇಳಿ. ಕೊನೆಯದು ಮುಖ್ಯ: ಯಾವತ್ತು, ಎಷ್ಟು ಹೊತ್ತಿಗೆ, ಎಲ್ಲಿ ಕೂತು? ‘ಡೇರಿಯಿಂದ ಬಂದು ಕೈಕಾಲು ತೊಳೆದ ತಕ್ಷಣ ಎರಡು ಲೆಕ್ಕ ಮಾಡುತ್ತೇನೆ’ ಎಂಬಂಥ ನಿರ್ಧಾರ, ‘ಚೆನ್ನಾಗಿ ಓದುತ್ತೇನೆ’ ಎಂಬುದಕ್ಕಿಂತ ಹೆಚ್ಚು ಈಡೇರುತ್ತದೆ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಅವರ ಸಂಶೋಧನೆ ತೋರಿಸಿಕೊಟ್ಟದ್ದು ಇದನ್ನೇ. ವಾರದ ನಂತರ ಮತ್ತೆ ಕೂರಿಸಿ ಮಾತಾಡುವುದನ್ನು ತಪ್ಪಿಸಬೇಡಿ.

ಪ್ರಶ್ನೆ: ಮಾರಾಟ ವಿಭಾಗದಲ್ಲಿ ಟೀಮ್ ಲೀಡರ್ ಆಗಿದ್ದೇನೆ. ಇದೇ ಕ್ರಮದಲ್ಲಿ ಮಾತಾಡಿಸಿದರೂ ಹುಡುಗರು ‘ನೀವೇ ಹೇಳಿ ಸರ್’ ಅನ್ನುತ್ತಾರೆ. ಏನು ಮಾಡಲಿ?
– ಓದುಗರು, ಬೆಂಗಳೂರು

ಉತ್ತರ: ಹಾಗೆನ್ನುವವರಲ್ಲಿ ಕೆಲವರಿಗೆ ಕೆಲಸವೇ ಗೊತ್ತಿರುವುದಿಲ್ಲ. ಅವರನ್ನು ಪ್ರಶ್ನೆ ಕೇಳಿ ಕಾಡಬೇಡಿ, ಜೊತೆಗೆ ಕರೆದೊಯ್ದು ಕಲಿಸಿ. ಸ್ಪಷ್ಟವಾದ, ತುಸು ಕಷ್ಟದ ಗುರಿ ಹೆಚ್ಚು ಕೆಲಸ ಮಾಡಿಸುತ್ತದೆ ಎಂದು ತೋರಿಸಿದವರು ಎಡ್ವಿನ್ ಲಾಕ್ ಮತ್ತು ಗ್ಯಾರಿ ಲಾಥಮ್. ಆದರೆ ಕೆಲಸ ಹೊಸದೂ ಜಟಿಲವೂ ಆಗಿದ್ದರೆ ಅಂಕಿಯ ಗುರಿಗಿಂತ ಕಲಿಕೆಯ ಗುರಿ ಮೇಲು ಎಂದೂ ಅವರೇ ಹೇಳುತ್ತಾರೆ. ಹೊಸಬನಿಗೆ ‘ಈ ತಿಂಗಳು 20 ಗ್ರಾಹಕರು’ ಎನ್ನುವ ಬದಲು, ‘ಗ್ರಾಹಕರು ಬೇಡ ಅನ್ನುವುದಕ್ಕೆ ಮೂರು ಕಾರಣ ತಿಳಿದುಕೊಂಡು ಬಾ’ ಎನ್ನಿ.

ಇನ್ನು ಕೆಲವರು ಭಯದಿಂದ ಬಾಯಿ ಬಿಡುವುದಿಲ್ಲ. ಟಾರ್ಗೆಟ್ ಮೇಲಿನಿಂದ ಬಂದದ್ದಾದರೆ ಹಾಗೆಂದು ಹೇಳಿಬಿಡಿ. ಅದನ್ನು ಅವರ ಗುರಿ ಎಂದು ಒಪ್ಪಿಸಲು ಹೋಗಬೇಡಿ. ಅದನ್ನು ಮುಟ್ಟುವ ದಾರಿಯ ಆಯ್ಕೆ ಮಾತ್ರ ನಿಜವಾಗಿಯೂ ಅವರದಾಗಿರಲಿ. ನೀವು ಉತ್ತರವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಕೇಳಿದರೆ ಅವರು ಅದನ್ನೇ ಊಹಿಸಲು ನೋಡುತ್ತಾರೆ. ಕೇಳಿದ ಮೇಲೆ ಸುಮ್ಮನಿದ್ದು ಕಾಯಿರಿ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಆಯ್ಕೆಯಾಗದ ನನ್ನ ತಮ್ಮ ತಿಂಗಳಿಂದ ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಯಾರೊಂದಿಗೂ ಬೆರೆಯುತ್ತಿಲ್ಲ. ಹೊಸ ಗುರಿ ಹಾಕಿಕೊಟ್ಟರೆ ಸರಿಹೋಗುತ್ತಾನೆಯೇ?
– ಓದುಗರು, ಧಾರವಾಡ

ಉತ್ತರ: ಈಗ ಗುರಿಯ ಮಾತು ಬೇಡ. ಇದು ಖಿನ್ನತೆಯ ಲಕ್ಷಣವೂ ಆಗಿರಬಹುದು. ‘ಗ್ರೋ’ದಂಥ ಮಾತುಕತೆ ಚಿಕಿತ್ಸೆಯ ಜಾಗ ತುಂಬಲಾರದು. ನಿಮ್ಮೂರಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರಿಗೆ ತೋರಿಸಿ, ನೀವೇ ಜೊತೆಗೆ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಯಾವ ಹೊತ್ತಿನಲ್ಲಾದರೂ, ಉಚಿತವಾಗಿ ಮಾತಾಡಬಹುದು. ಅವನು ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮುಂದೇನು ಓದಬೇಕು, ಏನು ಮಾಡಬೇಕು ಎಂಬುದನ್ನು ಅವನು ಚೇತರಿಸಿಕೊಂಡ ಮೇಲೆ ಅವನೇ ನಿರ್ಧರಿಸಲಿ.