ಮೊಬೈಲಿನ ಸೂಚನೆಗಳು ಮತ್ತು ನಮ್ಮ ಗಮನ

ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಮೊದಮೊದಲು ಮಾಡುವ ಪ್ರಯೋಗಗಳಲ್ಲಿ ಸರಳ ಲೋಲಕದ್ದೂ ಒಂದು. ಒಂದು ಮೀಟರು ಉದ್ದದ ದಾರಕ್ಕೆ ಗುಂಡನ್ನು ಕಟ್ಟಿ ತೂಗಬಿಟ್ಟು, ಇಪ್ಪತ್ತು ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಅಳೆದು, ಅದರಿಂದ ಗುರುತ್ವದ ವೇಗೋತ್ಕರ್ಷವನ್ನು ಲೆಕ್ಕಹಾಕುವುದು ಇದರ ಕ್ರಮ. ನಮ್ಮ ಕಡೆ ಉತ್ತರವು 978ರ ಸಮೀಪ ಬರಬೇಕು. ಈಚೆಗೆ ಒಬ್ಬ ವಿದ್ಯಾರ್ಥಿಗೆ 887 ಬಂದಿತು. ದಾರದ ಉದ್ದ ಸರಿಯಾಗಿತ್ತು; ಗಡಿಯಾರದಲ್ಲಿಯೂ ದೋಷವಿರಲಿಲ್ಲ. ಎಣಿಸುತ್ತಿದ್ದಾಗ ಜೇಬಿನಲ್ಲಿದ್ದ ಮೊಬೈಲು ಒಮ್ಮೆ ಅದುರಿತೆಂದೂ, ತಾನು ಅದನ್ನು ಹೊರಕ್ಕೆ ತೆಗೆಯಲೇ ಇಲ್ಲವೆಂದೂ ಆತನು ಹೇಳಿದನು. ಆತನ ಮಾತನ್ನು ನಾವು ನಂಬಿದೆವು. ಆದರೆ ಇಪ್ಪತ್ತೊಂದು ಆಂದೋಲನಗಳನ್ನು ಇಪ್ಪತ್ತೆಂದು ಎಣಿಸಿದರೆ ಉತ್ತರವು 887 ಆಗುತ್ತದೆ. ಲೆಕ್ಕಮಾಡಿ ನೋಡಬಹುದು.

ನೋಡದೆ ಬಿಟ್ಟ ಸೂಚನೆಯಿಂದ ನಷ್ಟವೇನೂ ಇಲ್ಲವೆಂಬುದು ಸಾಮಾನ್ಯವಾದ ನಂಬಿಕೆ. ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾನಿಲಯದ ಸ್ಟೊಥಾರ್ಟ್ ಮತ್ತು ಅವರ ಸಂಗಡಿಗರು ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿ, ತಮ್ಮ ಫಲಿತಾಂಶಗಳನ್ನು 2015ರಲ್ಲಿ ಪ್ರಕಟಿಸಿದರು. ತೆರೆಯ ಮೇಲೆ ಒಂದಾದಮೇಲೊಂದು ಅಂಕಿ ಮೂಡುತ್ತದೆ. ಪ್ರತಿಯೊಂದಕ್ಕೂ ಗುಂಡಿಯನ್ನು ಒತ್ತಬೇಕು, ಮೂರು ಬಂದಾಗ ಮಾತ್ರ ಸುಮ್ಮನಿರಬೇಕು. ಕೆಲಸ ಸುಲಭ, ಆದರೆ ಗಮನ ಕದಲಿತೋ ಕೈ ತಪ್ಪಿತು. ನಡುವೆ ಕೆಲವರ ಮೊಬೈಲಿಗೆ ಕರೆಯನ್ನೋ ಸಂದೇಶವನ್ನೋ ಕಳುಹಿಸಿದರು. ಉಳಿದವರಿಗೆ ಏನನ್ನೂ ಕಳುಹಿಸಲಿಲ್ಲ. ಸೂಚನೆ ಬಂದವರು ಮೊಬೈಲನ್ನು ಮುಟ್ಟದೆ ಇದ್ದರೂ ಅವರ ತಪ್ಪುಗಳು ಹೆಚ್ಚು ಏರಿದವು. ಅಂದಮೇಲೆ, ಸೂಚನೆಯ ಬೆಲೆಯನ್ನು ನಾವು ಅದನ್ನು ತೆರೆದಾಗ ಕೊಡುವುದಲ್ಲ. ಅದು ಬಂದ ಕ್ಷಣದಲ್ಲಿಯೇ ಕೊಟ್ಟಿರುತ್ತೇವೆ. ಮನಸ್ಸನ್ನು ಬಿಗಿಹಿಡಿದು ನೋಡದೆ ಇರುವುದು ಸ್ತುತ್ಯವೇ ಆದರೂ, ಅದು ಅಪಾಯವು ಒಳಹೊಕ್ಕ ಮೇಲೆ ಬಾಗಿಲು ಹಾಕಿದಂತೆ.

ಸೂಚನೆಯು ಇಷ್ಟು ಬಲವಾಗಿ ತಾಗುವುದಕ್ಕೆ ಶರೀರದ ರಚನೆಯೂ ಒಂದು ಕಾರಣ. ಅನೇಕ ಮೊಬೈಲುಗಳಲ್ಲಿ ಅಕ್ಷದ ಒಂದು ಪಕ್ಕಕ್ಕೆ ಮಾತ್ರ ತೂಕವನ್ನು ಜೋಡಿಸಿದ ಪುಟ್ಟ ಮೋಟಾರು ಇರುತ್ತದೆ. ಅದು ತಿರುಗಿದಾಗ ಇಡೀ ಯಂತ್ರವೇ ಸೆಕೆಂಡಿಗೆ ಸುಮಾರು 150ರಿಂದ 250 ಸಲ ಅದುರುತ್ತದೆ. ನಮ್ಮ ಚರ್ಮದ ಅಡಿಯಲ್ಲಿ, ಈರುಳ್ಳಿಯಂತೆ ಪದರಪದರವಾಗಿರುವ ಸೂಕ್ಷ್ಮ ಸ್ಪರ್ಶಕಣಗಳಿವೆ. ಇಟಲಿಯ ಪಚೀನಿ ಎಂಬ ಅಂಗರಚನಾಶಾಸ್ತ್ರಜ್ಞನ ಹೆಸರು ಇವುಗಳಿಗೆ ಬಂದಿದೆ. ಇವು ಅತ್ಯಂತ ಚುರುಕಾಗಿರುವುದು ಸೆಕೆಂಡಿಗೆ 250 ಕಂಪನಗಳ ಆಸುಪಾಸಿನಲ್ಲಿ. ಆಗ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆಯ ಚಲನೆಯನ್ನೂ ಗ್ರಹಿಸಬಲ್ಲವು. ಆದುದರಿಂದ ಸದ್ದನ್ನು ನಿಲ್ಲಿಸಿ ಅದುರಾಟವನ್ನು ಉಳಿಸಿಕೊಂಡವರು ಮಾಡಿದ್ದು ಇಷ್ಟೆ: ನೆರೆಯವರಿಗೆ ತೊಂದರೆ ತಪ್ಪಿತು, ತಮಗೆ ತಪ್ಪಲಿಲ್ಲ.

ಈ ವ್ಯವಸ್ಥೆಯು ಹುಟ್ಟಿದ ಬಗೆ ಇನ್ನೂ ಸ್ವಾರಸ್ಯವಾದುದು. ಹೊಸ ಸಂದೇಶವಿದೆಯೇ ಎಂದು ತಿಳಿಯಲು ಮೊಬೈಲಿಗೆ ಎರಡು ಮಾರ್ಗಗಳುಂಟು. ಒಂದು, ಆಗಾಗ ದೂರದ ಸರ್ವರನ್ನು ತಾನೇ ಕೇಳುವುದು. ಅಂಚೆಕಚೇರಿಗೆ ಪದೇಪದೇ ಹೋಗಿ ಕಾಗದ ಬಂತೇ ಎಂದು ವಿಚಾರಿಸಿದಂತೆ. ಇನ್ನೊಂದು, ಅಂಚೆಯವನು ತಾನೇ ಬಂದು ಬಾಗಿಲು ತಟ್ಟುವುದು. ಮೊದಲನೆಯ ಮಾರ್ಗದಲ್ಲಿ ಬ್ಯಾಟರಿ ಬೇಗ ಬರಿದಾಗುತ್ತದೆ. ಪ್ರತಿ ಸಲವೂ ರೇಡಿಯೋ ಭಾಗವನ್ನು ಎಬ್ಬಿಸಬೇಕು. ಕೆಲಸ ಮುಗಿದ ಮೇಲೆಯೂ ಅದು ಕೆಲವು ಸೆಕೆಂಡುಗಳ ಕಾಲ ಎಚ್ಚರವಾಗಿಯೇ ಉಳಿದು ವಿದ್ಯುತ್ತನ್ನು ವ್ಯಯಮಾಡುತ್ತದೆ. ಹತ್ತಾರು ಆ್ಯಪುಗಳು ಬೇರೆಬೇರೆಯಾಗಿ ಕೇಳತೊಡಗಿದರೆ ಅದಕ್ಕೆ ನಿದ್ರೆಯೇ ಇಲ್ಲ. ಈ ಕಾರಣದಿಂದ ಆಪಲ್ ಸಂಸ್ಥೆಯು 2009ರಲ್ಲಿಯೂ ಗೂಗಲ್ ಸಂಸ್ಥೆಯು 2010ರಲ್ಲಿಯೂ ಎರಡನೆಯ ಮಾರ್ಗವನ್ನು ಎಲ್ಲ ಆ್ಯಪುಗಳಿಗೂ ತೆರೆದವು. ಮೊಬೈಲು ಒಂದೇ ಒಂದು ಸಂಪರ್ಕವನ್ನು ಸದಾ ಉಳಿಸಿಕೊಂಡಿರುತ್ತದೆ. ಎಲ್ಲ ಆ್ಯಪುಗಳ ಸೂಚನೆಗಳೂ ಆ ಒಂದೇ ದಾರಿಯಿಂದ ಬರುತ್ತವೆ. ಶಿಲ್ಪಿಗಳ ಉದ್ದೇಶ ಒಳ್ಳೆಯದೇ. ಆದರೆ ಹೀಗೆ ಮಾಡಿ ಯಂತ್ರದ ನಿದ್ರೆಯನ್ನು ಕಾಪಾಡಿದರು. ಪದೇಪದೇ ಎಚ್ಚರಗೊಳ್ಳುವ ಕೆಲಸವು ಮನುಷ್ಯನ ಪಾಲಿಗೆ ಬಂದಿತು.

ಬಾಗಿಲು ತಟ್ಟುವುದು ಇಷ್ಟು ಅಗ್ಗವಾದ ಮೇಲೆ ತಟ್ಟುವವರು ಹೆಚ್ಚದೆ ಇರುತ್ತಾರೆಯೇ? ಗೆಳೆಯನ ಕಾಗದದ ಜೊತೆಗೆ, ಯಾರೋ ಚಿತ್ರವೊಂದನ್ನು ಮೆಚ್ಚಿದ ವಾರ್ತೆ, ಅಂಗಡಿಯ ರಿಯಾಯಿತಿ, ಬಹಳ ದಿನಗಳಿಂದ ನೀವು ಬಂದಿಲ್ಲವೆಂಬ ಆಕ್ಷೇಪಣೆ, ಎಲ್ಲಕ್ಕೂ ಅದೇ ಸದ್ದು. ಯಾವ ಸಲ ಬೇಕಾದುದು ಬಂದೀತೆಂದು ಮುಂದಾಗಿ ತಿಳಿಯದಿರುವುದೇ ಮನಸ್ಸನ್ನು ಕಟ್ಟಿಹಾಕುವ ಹಗ್ಗ. ಕಾಳು ಯಾವಾಗ ಬೀಳುವುದೆಂದು ಗೊತ್ತಿಲ್ಲದಾಗ ಪಾರಿವಾಳಗಳು ಬಿಡದೆ ಕುಕ್ಕುತ್ತಲೇ ಇರುವುದನ್ನು ಸ್ಕಿನ್ನರ್ ಮತ್ತು ಫರ್ಸ್ಟರ್ 1957ರ ತಮ್ಮ ಗ್ರಂಥದಲ್ಲಿ ವಿವರವಾಗಿ ದಾಖಲಿಸಿದ್ದಾರೆ.

ಹಾಗಾದರೆ ಎಲ್ಲವನ್ನೂ ನಿಲ್ಲಿಸಿಬಿಡೋಣವೇ? ನಮ್ಮ ಅಭಿಪ್ರಾಯದಲ್ಲಿ ಅದು ಅತಿಯಾಯಿತು. ಫಿಟ್ಜ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನಕ್ಕೆ ಮೂರು ಸಲ ಮಾತ್ರ ಒಟ್ಟಾಗಿ ಸೂಚನೆಗಳನ್ನು ಪಡೆದವರು ತಮ್ಮ ಗಮನವೂ ಮನಸ್ಸಿನ ನೆಮ್ಮದಿಯೂ ಉತ್ತಮಗೊಂಡವೆಂದು ತಿಳಿಸಿದರು. ಒಂದು ಸೂಚನೆಯನ್ನೂ ಪಡೆಯದವರಲ್ಲಿ, ಏನೋ ತಪ್ಪಿಹೋಗುತ್ತಿದೆಯೆಂಬ ಕಳವಳವು ಹೆಚ್ಚಿತು. ಎಂದರೆ ಅಂಚೆಕಚೇರಿಗೆ ನಾವೇ ಹೋಗೋಣ, ಆದರೆ ಗೊತ್ತಾದ ಹೊತ್ತಿಗೆ.

ಇದಕ್ಕೆ ಬೇಕಾದ ಸಾಧನವು ಮೊಬೈಲಿನಲ್ಲಿಯೇ ಇದೆ. ಸೂಚನೆಯನ್ನು ನಿಲ್ಲಿಸಿದರೆ ಸಂದೇಶವು ಕಳೆದುಹೋಗುವುದೆಂದು ಕೆಲವರು ಅಂಜುವುದುಂಟು, ಹಾಗಾಗುವುದಿಲ್ಲ. ಆ್ಯಪನ್ನು ತೆರೆದಾಗ ಅದು ಅಲ್ಲಿಯೇ ಇರುತ್ತದೆ. ಆ್ಯಂಡ್ರಾಯ್ಡ್ ಮೊಬೈಲಿನಲ್ಲಿ, ಬಂದ ಸೂಚನೆಯನ್ನೇ ಬೆರಳಿನಿಂದ ಒತ್ತಿಹಿಡಿದರೆ ಅದನ್ನು ಮೌನಗೊಳಿಸುವ ಅಥವಾ ಪೂರ್ತಿ ನಿಲ್ಲಿಸುವ ಆಯ್ಕೆ ದೊರೆಯುತ್ತದೆ. 2017ರಲ್ಲಿ ಬಂದ ಎಂಟನೆಯ ಆವೃತ್ತಿಯಿಂದೀಚೆಗೆ ಒಂದೇ ಆ್ಯಪಿನ ಬೇರೆಬೇರೆ ಬಗೆಯ ಸೂಚನೆಗಳನ್ನು ಪ್ರತ್ಯೇಕವಾಗಿ ನಿಲ್ಲಿಸುವುದೂ ಸಾಧ್ಯ. ಮೆಚ್ಚುಗೆಯ ವಾರ್ತೆ ಬೇಡ, ಗೆಳೆಯನ ಸಂದೇಶ ಬೇಕು ಎನ್ನಬಹುದು. ವಾಟ್ಸ್‌ಆ್ಯಪಿನ ಗುಂಪುಗಳನ್ನು ಎಂಟು ಗಂಟೆ, ಒಂದು ವಾರ, ಇಲ್ಲವೇ ಎಂದೆಂದಿಗೂ ಸುಮ್ಮನಿರಿಸಬಹುದು; ನೆಂಟರ ಗುಂಪಿಗೆ ಮೂರನೆಯದೇ ಯೋಗ್ಯ, ಇದರಿಂದ ಅವರಿಗೆ ಯಾವ ಸೂಚನೆಯೂ ಹೋಗುವುದಿಲ್ಲ. ಐಫೋನಿನಲ್ಲಿ 2021ರಿಂದ, ಸೂಚನೆಗಳನ್ನು ನಾವು ಗೊತ್ತುಮಾಡಿದ ಹೊತ್ತಿಗೆ ಒಟ್ಟಾಗಿ ಪಡೆಯುವ ಏರ್ಪಾಟಿದೆ. ಮನೆಯವರ ದೂರವಾಣಿ ಕರೆ, ಬ್ಯಾಂಕಿನ ಸಂದೇಶ, ಇವುಗಳನ್ನು ಮಾತ್ರ ಮುಟ್ಟಬಾರದು. ವೃದ್ಧ ತಂದೆತಾಯಿಗಳು ಊರಿನಲ್ಲಿರುವವರು ಆ ಒಂದು ಸದ್ದನ್ನು ಎಂದೂ ನಿಲ್ಲಿಸುವಂತಿಲ್ಲ. ಬೇರೆ ಸದ್ದುಗಳು ಕಡಿಮೆಯಾದಷ್ಟೂ ಅದು ಸ್ಫುಟವಾಗಿ ಕೇಳಿಸುತ್ತದೆ.

ಹೀಗೆ ಮಾಡಿದವರಿಗೆ ಮೊದಲ ಕೆಲವು ದಿನಗಳಲ್ಲಿ ಒಂದು ವಿಚಿತ್ರ ಅನುಭವವಾಗಬಹುದು. ಮೊಬೈಲು ಅದುರದೆ ಇದ್ದರೂ ಅದುರಿದಂತೆ ತೋರುತ್ತದೆ. ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಗಾಬರಿಪಡಬೇಕಾಗಿಲ್ಲ. ಅಮೆರಿಕದಲ್ಲಿ 290 ಕಾಲೇಜು ವಿದ್ಯಾರ್ಥಿಗಳನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನೂರಕ್ಕೆ 89 ಮಂದಿ ಈ ಇಲ್ಲದ ಕಂಪನವನ್ನು ಅನುಭವಿಸಿದವರೇ ಆಗಿದ್ದರು.