ವಿದ್ಯುತ್ ಬಿಲ್ಲು, ಮನೆಯ ಕಸ ಮತ್ತು ದೇಶದ ಪರಿಸರ ಹೊರೆ

ಕೊಳ್ಳೇಗಾಲದ ನೆರೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಜಲವಿದ್ಯುತ್ ಹರಿದದ್ದು 1902ರಲ್ಲಿ. ಆದರೆ ಜಲಪಾತದ ಮಗ್ಗುಲಲ್ಲಿದ್ದ ಮಾತ್ರಕ್ಕೆ ಈ ಊರಿನ ದೀಪ ಇಂಗಾಲಮುಕ್ತವಾಗದು. ಇಂದು ದೇಶದ ಜಾಲವೆಲ್ಲ ಒಂದೇ. ಅದರಲ್ಲಿ ಕಲ್ಲಿದ್ದಲಿನ ಪಾಲೇ ಹೆಚ್ಚು. ಪ್ರತಿ ಯೂನಿಟ್ಟಿಗೆ ಸುಮಾರು 0.7 ಕಿ.ಗ್ರಾಂ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ.

ಹತ್ತು ಫ್ಯಾನುಗಳಿರುವ ಒಂದು ರೇಷ್ಮೆ ಸೀರೆ ಮಳಿಗೆಯನ್ನು ಪರಿಗಣಿಸಬಹುದು. 75 ವ್ಯಾಟಿನ ಹಳೆಯ ಫ್ಯಾನುಗಳ ಬದಲಿಗೆ 30 ವ್ಯಾಟಿನ ಬಿ.ಎಲ್.ಡಿ.ಸಿ. ಫ್ಯಾನುಗಳನ್ನು ಅಳವಡಿಸಿದರೆ, ದಿನಕ್ಕೆ 10 ಗಂಟೆಯಂತೆ 300 ದಿನಗಳಲ್ಲಿ 1,350 ಯೂನಿಟ್ ಉಳಿತಾಯ. ಇಂಗಾಲದ ಲೆಕ್ಕದಲ್ಲಿ ಅದು 945 ಕಿ.ಗ್ರಾಂ. ಈ ಉಳಿತಾಯವನ್ನು ತಮ್ಮ ಬಿಲ್ಲಿನ ದರದಿಂದ ಗುಣಿಸಿದರೆ, ಹೂಡಿದ ಹಣ ಎಷ್ಟು ವರ್ಷಗಳಲ್ಲಿ ಮರಳುವುದೆಂಬುದು ಯಾವ ವರ್ತಕರಿಗೂ ತಿಳಿಯುತ್ತದೆ.

ಕಸಕ್ಕೆ ಇಂತಹ ಬಿಲ್ಲು ಬರುವುದಿಲ್ಲ, ತೊಡಕಿರುವುದು ಅಲ್ಲಿಯೇ. ಗಾಳಿಯಾಡದ ರಾಶಿಯಲ್ಲಿ ಕೊಳೆಯುವ ಹಸಿಕಸದಿಂದ ಮೀಥೇನ್ ಹೊಮ್ಮುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಅದರ ತಾಪಕಾರಕ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು. 2016ರ ಘನತ್ಯಾಜ್ಯ ನಿಯಮಗಳು ಕಸವನ್ನು ಮೂಲದಲ್ಲೇ ವಿಂಗಡಿಸಬೇಕೆಂದು ವಿಧಿಸಿದ್ದು ಸಕಾರಣವಾಗಿಯೇ. ಒಮ್ಮೆ ಬೆರೆತ ಮೇಲೆ ಸಿಪ್ಪೆಯು ಒಳ್ಳೆಯ ಗೊಬ್ಬರವಾಗದು, ಕಾಗದಕ್ಕೆ ಗುಜರಿಯಲ್ಲಿ ಬೆಲೆ ಸಿಗದು. ರೇಷ್ಮೆ ನೂಲು ಬಿಚ್ಚುವವರು ಗೂಡಿನೊಳಗಿನ ಪ್ಯೂಪಾವನ್ನೂ ಎಸೆಯುವುದಿಲ್ಲ. ಎಣ್ಣೆಗೆ, ಕೋಳಿ-ಮೀನುಗಳ ಆಹಾರಕ್ಕೆ ಅದು ಮಾರಾಟವಾಗುತ್ತದೆ. ಅಡುಗೆಮನೆಯ ಸಿಪ್ಪೆಗೆ ಮಾತ್ರ ಈ ಜಾಣ್ಮೆ ಇನ್ನೂ ತಲುಪಿಲ್ಲ.